ಒತ್ತಡದ ಜೈವಿಕ ಮನೋವೈದ್ಯಶಾಸ್ತ್ರ: ಸೇಡಂ–ಚಿಂಚೋಳಿ ಸೀಮೆಯ ನಿದರ್ಶನಗಳೊಂದಿಗೆ

ಒತ್ತಡದ ಜೈವಿಕ ಮನೋವೈದ್ಯಶಾಸ್ತ್ರವು ದೇಹದ ಒಳಗಿನ ಸಮಸ್ಥಿತಿಯನ್ನು ಕದಡುವ ಸನ್ನಿವೇಶಗಳಿಗೆ ಮೆದುಳು, ನರವ್ಯೂಹ ಮತ್ತು ನಿರ್ನಾಳ ಗ್ರಂಥಿಗಳು ಹೇಗೆ ಸ್ಪಂದಿಸುತ್ತವೆ, ಆ ಸ್ಪಂದನ ಹೊತ್ತಿಗೆ ಸರಿಯಾಗಿ ತಣಿಯದೆ ಮುಂದುವರಿದಾಗ ನಿದ್ರೆ, ನೆನಪು, ಭಯ, ಸಿಟ್ಟು, ಚಟ ಮೊದಲಾದವು ಹೇಗೆ ಬದಲಾಗುತ್ತವೆ ಎಂಬುದನ್ನು ಪರಿಶೀಲಿಸುವ ವೈದ್ಯಶಾಖೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಪ್ರದೇಶದಲ್ಲಿ ಮಳೆಯನ್ನೇ ನಂಬಿದ ತೊಗರಿ ಬೇಸಾಯ, ಪರ್ಸಿ ಎಂಬ ಹಾಸುಗಲ್ಲಿನ ಗಣಿಗಳು, ಹಗಲಿರುಳು ಉರಿಯುವ ಸಿಮೆಂಟ್ ಕುಲುಮೆಗಳು, ತಾಂಡಾಗಳಿಂದ ದೊಡ್ಡ ಊರುಗಳಿಗೆ ಹೋಗುವ ಗುಳೆ, ಇವುಗಳ ಜೊತೆಗೆ ಆಗಾಗ ಕಂಪಿಸುವ ನೆಲವೂ ಇರುವುದರಿಂದ, ಒತ್ತಡದ ಹಲವು ಬಗೆಗಳನ್ನು ಸ್ವಲ್ಪವೇ ಅಂತರದಲ್ಲಿ ಬಿಡಿಬಿಡಿಯಾಗಿ ಗುರುತಿಸಲು ಸಾಧ್ಯವಾಗುತ್ತದೆ.

ಅಪಾಯ ಎದುರಾದಾಗ ಪ್ರಾಣಿಯ ದೇಹ ಕಾದಾಟಕ್ಕೆ ಇಲ್ಲವೆ ಓಟಕ್ಕೆ ಅಣಿಯಾಗುತ್ತದೆ ಎಂಬುದನ್ನು ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದ. ಕೆನಡಾದ ಮಾಂಟ್ರಿಯಲ್‌ನಲ್ಲಿ ಕೆಲಸ ಮಾಡುತ್ತಿದ್ದ ಹಾನ್ಸ್ ಸೆಲ್ಯೆ 1936ರಲ್ಲಿ, ಚಳಿ, ಗಾಯ, ವಿಷ, ಅತಿಯಾದ ದಣಿವು ಮೊದಲಾದ ಬೇರೆಬೇರೆ ಪೀಡೆಗಳಿಗೆ ಇಲಿಗಳ ದೇಹ ಒಂದೇ ಬಗೆಯಲ್ಲಿ ಪ್ರತಿಕ್ರಿಯಿಸುವುದನ್ನು, ಅಂದರೆ ಅಡ್ರಿನಲ್ ಗ್ರಂಥಿ ಊದಿಕೊಳ್ಳುವುದನ್ನು, ಥೈಮಸ್ ಗ್ರಂಥಿ ಕುಗ್ಗುವುದನ್ನು ಮತ್ತು ಜಠರದಲ್ಲಿ ಹುಣ್ಣಾಗುವುದನ್ನು ವರದಿ ಮಾಡಿದ. ಎಲ್ಲ ಪೀಡೆಗಳಿಗೂ ಒಂದೇ ಉತ್ತರ ಎಂಬ ಅವನ ತೀರ್ಮಾನ ಮುಂದೆ ಹಾಗೆಯೇ ಉಳಿಯಲಿಲ್ಲ; ಪೀಡೆಗಿಂತ ಪ್ರಾಣಿ ಅದನ್ನು ಹೇಗೆ ಗ್ರಹಿಸುತ್ತದೆ ಎಂಬುದೇ ಹೆಚ್ಚು ನಿರ್ಣಾಯಕ ಎಂದು ನಂತರದ ಸಂಶೋಧನೆಗಳು ತೋರಿಸಿದವು.

ಸ್ಪಂದನಕ್ಕೆ ಎರಡು ಹಾದಿಗಳಿವೆ. ಮೊದಲನೆಯದು ಕ್ಷಣಗಳಲ್ಲಿ ಕೆಲಸ ಮಾಡುವ ಸಿಂಪಥೆಟಿಕ್ ನರಜಾಲ; ಇದು ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್‌ಗಳ ಮೂಲಕ ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸಿ, ಬೆವರು ತರಿಸಿ, ಜೀರ್ಣಕ್ರಿಯೆಯನ್ನು ತಡೆಹಿಡಿಯುತ್ತದೆ. ಎರಡನೆಯದು ನಿಮಿಷಗಳಿಂದ ಗಂಟೆಗಳವರೆಗೆ ಸಾಗುವ ಹಾರ್ಮೋನುಗಳ ಹಾದಿ. ಮೆದುಳಿನ ತಳದಲ್ಲಿರುವ ಹೈಪೋಥಲಾಮಸ್ ಸಿ.ಆರ್.ಎಚ್. ಎಂಬ ರಾಸಾಯನಿಕವನ್ನು ಸ್ರವಿಸಿ ಪಿಟ್ಯೂಟರಿ ಗ್ರಂಥಿಯನ್ನು ಪ್ರಚೋದಿಸುತ್ತದೆ, ಪಿಟ್ಯೂಟರಿಯಿಂದ ಹೊರಟ ಎ.ಸಿ.ಟಿ.ಎಚ್. ಎಂಬ ಹಾರ್ಮೋನು ರಕ್ತದಲ್ಲಿ ಹರಿದು ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಹೊರಡಿಸುತ್ತದೆ. ಸಿ.ಆರ್.ಎಚ್.ನ ರಚನೆಯನ್ನು 1981ರಲ್ಲಿ ವೈಲಿ ವೇಲ್ ಮತ್ತು ಸಂಗಡಿಗರು ಬಿಡಿಸಿದರು. ಕಾರ್ಟಿಸಾಲ್ ರಕ್ತದಲ್ಲಿ ಸಕ್ಕರೆಯನ್ನು ಹೆಚ್ಚಿಸಿ ಉರಿಯೂತವನ್ನು ಅದುಮುತ್ತದೆ. ತನ್ನ ಪ್ರಮಾಣ ಸಾಕಷ್ಟಾದಾಗ ಮೆದುಳಿಗೆ ಮರಳಿ ಸುದ್ದಿ ಮುಟ್ಟಿಸಿ ತನ್ನ ಉತ್ಪಾದನೆಯನ್ನು ತಾನೇ ತಗ್ಗಿಸುತ್ತದೆ. ಈ ಮರುಸೂಚನೆಯನ್ನು ಗ್ರಹಿಸುವ ಜಾಗಗಳಲ್ಲಿ ನೆನಪಿನ ಅಂಗವಾದ ಹಿಪೋಕ್ಯಾಂಪಸ್ ಮುಖ್ಯವೆಂಬುದು, ಇಲಿಯ ಹಿಪೋಕ್ಯಾಂಪಸ್ ಕಾರ್ಟಿಸಾಲ್‌ಗೆ ಸಮಾನವಾದ ಕಾರ್ಟಿಕೊಸ್ಟೆರಾನ್ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಬ್ರೂಸ್ ಮ್ಯಾಕ್ಯೂಯೆನ್ 1968ರಲ್ಲಿ ತೋರಿಸಿದ ಮೇಲೆ ಸ್ಪಷ್ಟವಾಗತೊಡಗಿತು.

ಹೊರೆಯ ತೂಕಕ್ಕಿಂತ ಅದರ ಅನಿಶ್ಚಿತತೆ ಮತ್ತು ಅದರ ಮುಂದೆ ಮನುಷ್ಯನಿಗಿರುವ ನಿರುಪಾಯವೇ ಹೆಚ್ಚು ಹಾನಿ ಮಾಡುತ್ತವೆ ಎಂಬುದು ಈ ಶಾಸ್ತ್ರದ ಗಟ್ಟಿ ತಿಳಿವಳಿಕೆಗಳಲ್ಲಿ ಒಂದು. 1970ರ ಆಸುಪಾಸಿನಲ್ಲಿ ಜೇ ವೈಸ್ ನಡೆಸಿದ ಪ್ರಯೋಗಗಳಲ್ಲಿ ಎರಡು ಇಲಿಗಳಿಗೆ ಏಕಕಾಲಕ್ಕೆ ಒಂದೇ ಪ್ರಮಾಣದ ವಿದ್ಯುತ್ ಆಘಾತ ಸಿಗುತ್ತಿತ್ತು, ಆದರೆ ಅದನ್ನು ನಿಲ್ಲಿಸುವ ಅವಕಾಶ ಒಂದಕ್ಕೆ ಮಾತ್ರ ಇತ್ತು. ಅವಕಾಶವಿಲ್ಲದ ಇಲಿಯ ಜಠರದಲ್ಲಿ ಹುಣ್ಣು ಹೆಚ್ಚಾಗಿ ಕಂಡಿತು, ಆಘಾತಕ್ಕೆ ಮೊದಲು ಮುನ್ಸೂಚನೆ ಕೊಟ್ಟಾಗ ಹುಣ್ಣು ಕಡಿಮೆಯಾಯಿತು. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಮತ್ತು ಸುತ್ತಲಿನ ಹಳ್ಳಿಗಳು 2021ರ ಅಕ್ಟೋಬರಿನಲ್ಲಿ ಕಂಡದ್ದು ಇಂತಹ ಮುನ್ಸೂಚನೆಯಿಲ್ಲದ ಪೀಡೆಯನ್ನೇ. ನೆಲದೊಳಗಿಂದ ಭಾರಿ ಸದ್ದು, ಅದರ ಬೆನ್ನಿಗೆ ನಡುಕ, ಮತ್ತೆ ಯಾವ ಹೊತ್ತಿನಲ್ಲಿ ಬರುತ್ತದೋ ತಿಳಿಯದ ಸ್ಥಿತಿ ದಿನಗಟ್ಟಲೆ ಮುಂದುವರಿದು, ಅಕ್ಟೋಬರ್ 11ರ ರಾತ್ರಿ 4.1 ತೀವ್ರತೆಯ ಕಂಪನ ದಾಖಲಾಯಿತು. ಭೂಕಂಪದ ಲೆಕ್ಕದಲ್ಲಿ ಇದು ಸಣ್ಣದು. ಆದರೂ ಜನ ಮನೆಯೊಳಗೆ ಮಲಗಲು ಹೆದರಿ ಬಯಲಲ್ಲಿ ರಾತ್ರಿ ಕಳೆದರು, ಹಲವರು ಮಕ್ಕಳುಮರಿಗಳೊಂದಿಗೆ ಬೀಗರ ಊರುಗಳಿಗೆ ಹೋದರು. 1993ರ ಸೆಪ್ಟೆಂಬರ್ 30ರಂದು ಪಕ್ಕದ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಸಾವಿರಾರು ಜನ ಮನೆಯ ಕಲ್ಲುಮಣ್ಣಿನಡಿ ಸತ್ತ ನೆನಪು ಈ ಸೀಮೆಯ ಹಿರಿಯರಿಗೆ ಇರುವುದರಿಂದ, ದಪ್ಪ ಕಲ್ಲಿನ ಗೋಡೆಯ ಮನೆಯನ್ನು ಬಿಟ್ಟು ಹೊರಗೆ ಮಲಗಿದ ಈ ವರ್ತನೆಯನ್ನು ಅಂಜುಬುರುಕುತನವೆಂದು ಕಡೆಗಣಿಸುವಂತಿಲ್ಲ.

ಇಂತಹ ಅನುಭವ ಕಳೆದ ಮೇಲೂ ಭಯವೇಕೆ ಉಳಿಯುತ್ತದೆ ಎಂಬ ಪ್ರಶ್ನೆಗೆ ಜಗತ್ತಿನಲ್ಲಿಯೇ ಹೆಸರಾದ ಉತ್ತರಗಳಲ್ಲೊಂದು ಬೆಂಗಳೂರಿನದು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್.ಸಿ.ಬಿ.ಎಸ್.) ಸುಮಂತ್ರ ಚಟ್ಟರ್ಜಿಯವರ ಪ್ರಯೋಗಾಲಯದಲ್ಲಿ ಅಜಯ್ ವ್ಯಾಸ್, ರೂಪ್ಶಿ ಮಿತ್ರಾ ಮತ್ತು ಮಾನಸಿಕ ಆರೋಗ್ಯ ಹಾಗೂ ನರವಿಜ್ಞಾನ ಸಂಸ್ಥೆಯಾದ ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಒಳಗೊಂಡ ತಂಡ, ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಹಿಡಿದಿಟ್ಟು ಅವುಗಳ ನರಕೋಶಗಳನ್ನು ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿತು. ಹಿಪೋಕ್ಯಾಂಪಸ್‌ನ ನರಕೋಶಗಳ ಕವಲುಗಳು, ಅಂದರೆ ಇತರ ಕೋಶಗಳಿಂದ ಸಂದೇಶ ಪಡೆಯುವ ಕೊಂಬೆಗಳು, ಮೊಟಕಾಗಿದ್ದವು. ಇದು ನಿರೀಕ್ಷಿತವೇ ಆಗಿತ್ತು. ಆದರೆ ಭಯವನ್ನು ಕಲಿಯುವ ಮತ್ತು ಕಾಪಿಡುವ ಅಮಿಗ್ಡಲಾದಲ್ಲಿ ಅದೇ ಒತ್ತಡದಿಂದ ಕವಲುಗಳು ಇನ್ನಷ್ಟು ಬೆಳೆದಿದ್ದವು. 2004ರ ಅಧ್ಯಯನದಲ್ಲಿ ಇಲಿಗಳಿಗೆ 21 ದಿನ ಬಿಡುವು ಕೊಟ್ಟಾಗ ಹಿಪೋಕ್ಯಾಂಪಸ್ ಚೇತರಿಸಿಕೊಂಡಿತು, ಅಮಿಗ್ಡಲಾದ ಬೆಳವಣಿಗೆ ಮತ್ತು ಇಲಿಗಳ ಆತಂಕದ ನಡವಳಿಕೆ ಹಾಗೆಯೇ ಉಳಿದವು. 2005ರಲ್ಲಿ ಪ್ರಕಟವಾದ ಮುಂದಿನ ಸಂಶೋಧನೆ ಇನ್ನೂ ವಿಚಿತ್ರ: ಒಂದೇ ಒಂದು ಸಲ 2 ಗಂಟೆಯ ಒತ್ತಡಕ್ಕೆ ಒಳಗಾದ ಇಲಿಗಳಲ್ಲಿ ಮರುದಿನ ಬದಲಾವಣೆ ಕಾಣಲಿಲ್ಲ, ಹತ್ತು ದಿನಗಳ ನಂತರ ಅಮಿಗ್ಡಲಾದ ಕವಲುಗಳ ಮೇಲಿನ ಸಣ್ಣ ಮುಳ್ಳುಗಳು, ಎಂದರೆ ನರಸಂಧಿಗಳು ಕೂಡುವ ತಾಣಗಳು, ಹೆಚ್ಚಿದ್ದವು ಮತ್ತು ಆತಂಕವೂ ತಲೆದೋರಿತ್ತು. ಅಪಘಾತ ಅಥವಾ ಅನಾಹುತದ ದಿನ ಗಟ್ಟಿಯಾಗಿದ್ದವರು ಕೆಲವು ವಾರಗಳ ಮೇಲೆ ಬೆಚ್ಚಿಬೀಳತೊಡಗುವುದನ್ನು ಕಂಡಿರುವ ವೈದ್ಯರಿಗೆ ಈ ವಿಳಂಬ ಅಪರಿಚಿತವೇನಲ್ಲ.

ಹಣೆಯ ಹಿಂಭಾಗದಲ್ಲಿದ್ದು ವಿವೇಚನೆ ಮತ್ತು ಸಂಯಮವನ್ನು ನಡೆಸುವ ಮುಂಮೆದುಳಿನ ತೊಗಟೆ, ನಾರ್‌ಅಡ್ರಿನಲಿನ್ ಹಾಗೂ ಡೋಪಮಿನ್ ಮಿತಿಮೀರಿದಾಗ ಮಂಕಾಗುತ್ತದೆ. ಆಗ ನಿರ್ಧಾರಗಳು ಯೋಚನೆಯ ಹಿಡಿತದಿಂದ ಜಾರಿ ರೂಢಿಯ ಕೈಗೆ ಸಿಗುತ್ತವೆ. ಬಹುಕಾಲ ಒತ್ತಡದಲ್ಲಿದ್ದ ಇಲಿಗಳು ಫಲ ಬೇಡವಾದ ಮೇಲೂ ಹಳೆಯ ಅಭ್ಯಾಸದಂತೆ ಸನ್ನೆಕೋಲನ್ನು ಒತ್ತುತ್ತಲೇ ಇರುತ್ತವೆ ಎಂದು 2009ರ ಒಂದು ಸಂಶೋಧನೆ ತೋರಿಸಿತು. ಸಣ್ಣ ಮಾತಿಗೆ ಸಿಡುಕುವುದು, ಲೆಕ್ಕ ತಪ್ಪುವುದು, ಸಾಲದ ಮೇಲೆ ಸಾಲ ಮಾಡುವುದು, ಕುಡಿತವನ್ನು ಬಿಡಲಾಗದಿರುವುದು ಸ್ವಭಾವದ ದೋಷಗಳೆಂದೇ ಊರಲ್ಲಿ ಎಣಿಕೆಯಾಗುತ್ತವೆ, ಆದರೆ ಅವುಗಳ ಹಿಂದೆ ಈ ಬದಲಾವಣೆಯ ಪಾಲೂ ಇರಬಹುದು. ಇನ್ನು ಆಸ್ಪತ್ರೆಗೆ ಬರುವವರು ಮನಸ್ಸಿನ ಮಾತನ್ನು ಮೊದಲು ಎತ್ತುವುದು ಅಪರೂಪ. 'ಎದಿ ಹಾರ್ತದ', 'ನಿದ್ದಿ ಹತ್ತವಲ್ದು', 'ಕೈಕಾಲು ಜೋಮ್ ಹಿಡೀತಾವ' ಎಂದು ಹೇಳುತ್ತಾರೆ. ಇವು ಸಿಂಪಥೆಟಿಕ್ ನರಜಾಲದ ಕೆಲಸದ ವರದಿಗಳಾಗಿರಬಹುದಾದ್ದರಿಂದ, ಹೃದಯದ ಪರೀಕ್ಷೆಯಲ್ಲಿ ಏನೂ ಸಿಗದಾಗ ಶಕ್ತಿಯ ಇಂಜೆಕ್ಷನ್ ಕೊಟ್ಟು ಕಳುಹಿಸುವುದು ರೋಗನಿದಾನವನ್ನು ತಪ್ಪಿಸುತ್ತದೆ.

ದುಡಿಮೆಯ ಬಗೆ ಬದಲಾದಂತೆ ಒತ್ತಡದ ಜೈವಿಕ ದಾರಿಯೂ ಬದಲಾಗುತ್ತದೆ. ತೊಗರಿಯನ್ನು ಮುಂಗಾರಿನಲ್ಲಿ ಬಿತ್ತಿ ಡಿಸೆಂಬರ್–ಜನವರಿಯಲ್ಲಿ ರಾಶಿ ಮಾಡುವವರೆಗೆ ಸುಮಾರು ಆರು ತಿಂಗಳು. ಅಷ್ಟರಲ್ಲಿ ಮಳೆ ತಡವಾಗಬಹುದು, ಹೂವು ಉದುರಬಹುದು, ಕಾಯಿಕೊರಕ ಬೀಳಬಹುದು, 2022ರ ಹಂಗಾಮಿನಲ್ಲಿ ಜಿಲ್ಲೆಯಾದ್ಯಂತ ಆದಂತೆ ನೆಟೆ ರೋಗಕ್ಕೆ ಕಾಯಿಕಟ್ಟುವ ಹೊತ್ತಿಗೆ ಹೊಲವೇ ಒಣಗಬಹುದು, ಎಲ್ಲ ಉಳಿದು ಬಂದರೂ ಪೇಟೆಯ ದರ ಬಿದ್ದಿರಬಹುದು. ಸಾಲಗಾರ ರೈತನಿಗೆ ಇದು ಮುಗಿಯುವ ದಿನ ಗೊತ್ತಿಲ್ಲದ ಒತ್ತಡ. ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳ ಕೆಲಸಗಾರನಿಗೆ ತಿಂಗಳ ಪಗಾರದ ಭರವಸೆ ಇದ್ದರೂ, 1,400 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿ ಕಾಯುವ ಕುಲುಮೆಯನ್ನು ಆರಿಸಲಾಗದ ಕಾರಣ ರಾತ್ರಿ ಪಾಳಿ ತಪ್ಪುವುದಿಲ್ಲ. ಕಾರ್ಟಿಸಾಲ್ ಸಹಜವಾಗಿ ಬೆಳಗಿನ ಎಚ್ಚರದ ಹೊತ್ತಿಗೆ ಉತ್ತುಂಗದಲ್ಲಿದ್ದು ನಡುರಾತ್ರಿಯ ಆಸುಪಾಸಿನಲ್ಲಿ ತಳ ಮುಟ್ಟುತ್ತದೆ. ಪಾಳಿ ಬದಲಾಗುತ್ತಿದ್ದರೆ ಈ ಲಯಕ್ಕೂ ನಿದ್ರೆಗೂ ಹೊಂದಾಣಿಕೆ ತಪ್ಪಿ, ಹಗಲು ಮಲಗಿದರೂ ದಣಿವು ಹೋಗದ ಸ್ಥಿತಿ ಬರುತ್ತದೆ. ಶಹಾಬಾದ್ ಮತ್ತು ಚಿತ್ತಾಪುರದ ಕಲ್ಲುಗಣಿಗಳಲ್ಲಿ ಬೇಸಿಗೆಯ 40 ಡಿಗ್ರಿ ಮೀರಿದ ಬಿಸಿಲು ಮೇಲಿನಿಂದ, ಬಿಳಿಚು ಕಲ್ಲಿನ ಝಳ ಕೆಳಗಿನಿಂದ ತಟ್ಟುವಾಗ, ದೇಹದ ಉಷ್ಣ ನಿಯಂತ್ರಣವೇ ಒಂದು ಒತ್ತಡವಾಗಿ ಉಳಿದೆಲ್ಲದರ ಮೇಲೆ ಸೇರಿಕೊಳ್ಳುತ್ತದೆ. ಹೀಗೆ ಸೇರಿದ ಒಟ್ಟು ಸವೆತವನ್ನು ಮ್ಯಾಕ್ಯೂಯೆನ್ ಮತ್ತು ಎಲಿಯಟ್ ಸ್ಟೆಲ್ಲರ್ 1993ರಲ್ಲಿ 'ಅಲೋಸ್ಟಾಟಿಕ್ ಹೊರೆ' ಎಂದು ಕರೆದರು. ರಕ್ತದೊತ್ತಡ, ಸೊಂಟದ ಸುತ್ತಳತೆ, ರಕ್ತದ ಸಕ್ಕರೆ ಮೊದಲಾದವುಗಳಿಂದ ಅದನ್ನು ಅಂದಾಜು ಮಾಡಲಾಗುತ್ತದೆ.

ದಣಿವಿಗೂ ಆತಂಕಕ್ಕೂ ಸುಲಭವಾಗಿ ಸಿಗುವ ಮದ್ದು ಮದ್ಯ. ಮದ್ಯ ಗಾಬಾ ಎಂಬ ಶಾಮಕ ನರವಾಹಕದ ಪ್ರಭಾವವನ್ನು ಹೆಚ್ಚಿಸಿ ತಾತ್ಕಾಲಿಕವಾಗಿ ಭಯವನ್ನು ತಣಿಸುತ್ತದೆ, ಆದರೆ ಚಟ ಬೇರೂರಿದ ಮೇಲೆ ಕುಡಿತ ನಿಲ್ಲಿಸಿದಾಗಲೆಲ್ಲ ಅಮಿಗ್ಡಲಾದಲ್ಲಿ ಸಿ.ಆರ್.ಎಚ್. ಏರುವುದರಿಂದ, ಮೊದಲಿಗಿಂತ ಹೆಚ್ಚಿನ ಕಳವಳವೇ ಮತ್ತೆ ಕುಡಿಸುತ್ತದೆ. ತೆಲಂಗಾಣದ ಗಡಿಸೀಮೆಯಲ್ಲಿ ಕಲಬೆರಕೆ ಸೇಂದಿಯ ಸಮಸ್ಯೆಯೂ ಇದೆ. ಅದಕ್ಕೆ ಬೆರೆಸುವ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಮತ್ತು ಡಯಾಜೆಪಾಮ್, ಆಲ್‌ಪ್ರಜೋಲಾಮ್‌ನಂತಹ ಗುಳಿಗೆಗಳು ಇದೇ ಗಾಬಾ ಗ್ರಾಹಕಗಳ ಮೇಲೆ ಕೆಲಸ ಮಾಡುವುದರಿಂದ, ರೂಢಿಯಾದವರಿಗೆ ಒಮ್ಮೆಲೇ ಸೇಂದಿ ಸಿಗದೆ ಹೋದರೆ ಕೈನಡುಕ, ಭ್ರಮೆ, ಫಿಟ್ಸ್ ಬರುವ ಅಪಾಯವಿದೆ. ಇದು ಹಟ ಹಿಡಿದು ಮನೆಯಲ್ಲೇ ಬಿಡಿಸುವ ಚಟವಲ್ಲ. ವೈದ್ಯರ ಕಣ್ಣೆದುರು ಪ್ರಮಾಣ ಇಳಿಸುತ್ತಾ ಬಿಡಿಸಬೇಕು.

ಬಾಲ್ಯದ ಒತ್ತಡದ ಗುರುತು ದೀರ್ಘಕಾಲ ಉಳಿಯುತ್ತದೆ. ತಾಯಿಯ ನೆಕ್ಕುವಿಕೆ ಹೆಚ್ಚು ದೊರೆತ ಇಲಿಮರಿಗಳು ದೊಡ್ಡವಾದಾಗ ಒತ್ತಡದ ಹಾರ್ಮೋನನ್ನು ಕಡಿಮೆ ಸ್ರವಿಸುತ್ತವೆ ಎಂದು ಮೈಕೆಲ್ ಮೀನಿ 1997ರಲ್ಲಿ ತೋರಿಸಿದರು. ಚಿಂಚೋಳಿಯ ಲಂಬಾಣಿ ತಾಂಡಾಗಳಲ್ಲಿ ತಂದೆತಾಯಿ ಗುಳೆ ಹೋದಾಗ ಮಕ್ಕಳು ಅಜ್ಜಅಜ್ಜಿಯರ ಬಳಿ ಉಳಿಯುವುದುಂಟು. ಇದನ್ನು ಹಾನಿಯೆಂದೇ ಎಣಿಸುವುದು ಆತುರದ ಮಾತಾದೀತು, ಏಕೆಂದರೆ ನಂಬಿಕೆಯ ಒಬ್ಬ ಹಿರಿಯರ ಸಾಮೀಪ್ಯ ಮಕ್ಕಳ ಕಾರ್ಟಿಸಾಲ್ ಸ್ಪಂದನವನ್ನು ತಗ್ಗಿಸುತ್ತದೆ.

ಕಾರ್ಟಿಸಾಲ್ ಹೆಚ್ಚಾದುದೆಲ್ಲ ರೋಗ, ಕಡಿಮೆಯಾದುದೆಲ್ಲ ಆರೋಗ್ಯ ಎಂಬ ಸರಳ ಸಮೀಕರಣ ನಿಲ್ಲುವುದಿಲ್ಲ. ತೀವ್ರ ಖಿನ್ನತೆಯ ಹಲವರಲ್ಲಿ ಮರುಸೂಚನೆಯ ವ್ಯವಸ್ಥೆ ಸಡಿಲಗೊಂಡು ಹಾರ್ಮೋನು ಏರಿರುತ್ತದೆ. ಆಘಾತೋತ್ತರ ಒತ್ತಡ ಕಾಯಿಲೆಯ ಅನೇಕರಲ್ಲಿ ಅದು ಸಾಮಾನ್ಯಕ್ಕಿಂತ ಕೆಳಗಿರುವುದನ್ನು ರೇಚೆಲ್ ಯೆಹೂದಾ ಮೊದಲಾದವರು ಕಂಡರು. ಆದ್ದರಿಂದ ರಕ್ತಪರೀಕ್ಷೆಯೊಂದರಿಂದ ಒತ್ತಡದ ಕಾಯಿಲೆಯನ್ನು ಪತ್ತೆ ಮಾಡಲಾಗದು, ರೋಗಿಯ ಮಾತನ್ನು ಕೇಳಿಯೇ ನಿರ್ಣಯಿಸಬೇಕು.

ಚಿಕಿತ್ಸೆಯಲ್ಲಿ ಸಿರೊಟೊನಿನ್ ಮರುಹೀರಿಕೆಯನ್ನು ತಡೆಯುವ ಔಷಧಗಳು, ಮಾತಿನ ಚಿಕಿತ್ಸೆ, ನಿದ್ರೆಯ ಶಿಸ್ತು ಮತ್ತು ವ್ಯಾಯಾಮ ಮುಖ್ಯ. ಔಷಧದ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುವುದರಿಂದ, ನಾಲ್ಕು ದಿನ ನುಂಗಿ ಬಿಟ್ಟವರಿಗೆ ಅದು ಕೆಲಸ ಮಾಡಲಿಲ್ಲವೆಂದು ಹೇಳಲಾಗದು. ಯೋಗಾಭ್ಯಾಸ ಮಾಡಿದ ಖಿನ್ನತೆಯ ರೋಗಿಗಳಲ್ಲಿ ಕಾರ್ಟಿಸಾಲ್ ಇಳಿದುದನ್ನು ನಿಮ್ಹಾನ್ಸ್‌ನ ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು 2013ರಲ್ಲಿ ವರದಿ ಮಾಡಿದ್ದಾರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 115ನೆಯ ಕಲಮು, ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿ ಬೇರೆ ರೀತಿ ರುಜುವಾತಾಗದ ಹೊರತು ತೀವ್ರ ಒತ್ತಡದಲ್ಲಿದ್ದನೆಂದು ಭಾವಿಸಬೇಕೆಂದು ಹೇಳಿ, ಅವನನ್ನು ಶಿಕ್ಷಿಸುವ ಬದಲು ಆರೈಕೆ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ. ಜೀವವಿಜ್ಞಾನದ ಪರಿಕಲ್ಪನೆಯೊಂದು ಶಾಸನದ ಭಾಷೆಗೆ ಇಳಿದ ಅಪರೂಪದ ಸಂದರ್ಭವಿದು. ಸೇವೆಯ ಮಟ್ಟದಲ್ಲಿ, 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ರಾಜ್ಯದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯ ತಪಾಸಣೆಯ ಏರ್ಪಾಡು ಬಂದಿದೆ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ಉಚಿತವಾಗಿ ಕನ್ನಡದಲ್ಲಿಯೂ ದೊರೆಯುತ್ತದೆ.