ಮುರಕಲ್ಲಿನ ಅಡಿಯಲ್ಲಿ ಏನುಂಟು: ಕಾಸರಗೋಡಿನ ಪಂಚಾಂಗದ ಚರಿತ್ರೆ

ಕಾಸರಗೋಡಿನ ಚರಿತ್ರೆ ಅಂದ ಕೂಡಲೇ ನಾವು 1956ರ ನವೆಂಬರ್ 1ಕ್ಕೆ ಹೋಗಿ ನಿಲ್ಲುತ್ತೇವೆ. ಅದು ಬೇಡವೆಂದಲ್ಲ. ಆದರೆ ಇವತ್ತು ನಾನು ಹೇಳಹೊರಟದ್ದು ನೆಲದೊಳಗಿನ ಇನ್ನೊಂದು ಗಡಿಯ ಬಗ್ಗೆ. ನಮ್ಮ ಗುಡ್ಡಗಳಲ್ಲಿ ಗಟ್ಟಿ ಮುರಕಲ್ಲು ಎಲ್ಲಿ ಮುಗಿಯುತ್ತದೆ, ಶೇಡಿಮಣ್ಣು ಎಲ್ಲಿ ಸುರುವಾಗುತ್ತದೆ ಎಂಬ ಗಡಿ. ಇಲ್ಲಿ ಮನೆ ಕಟ್ಟುವ ವಿದ್ಯೆಯ ಅರ್ಧಾಂಶ ಈ ಗಡಿಯನ್ನು ಗುರುತಿಸುವುದರಲ್ಲೇ ಇತ್ತು ಎಂಬುದು ನನ್ನ ವಾದ.

ಘಟ್ಟದ ಮೇಲಿನವರಿಗೆ ಪಂಚಾಂಗ ಅಂದರೆ ತಿಥಿ, ನಕ್ಷತ್ರ ನೋಡುವ ಪುಸ್ತಕ. ನಮಗೆ ಅದೂ ಹೌದು, ಮನೆಯ ತಳಪಾಯವೂ ಹೌದು. 'ಪಂಚಾಂಗ ಆಯ್ತಾ?' ಅಂತ ಕೇಳಿದರೆ ಕಲ್ಲು ನೆಲಮಟ್ಟಕ್ಕೆ ಬಂತಾ ಎಂದರ್ಥ. ಅದಕ್ಕೂ ಮೊದಲಿನ ಮುಹೂರ್ತ ಕೆಸರುಕಲ್ಲು. ಪತ್ರಿಕೆಯವರು ಬರೆಯುವ 'ಶಿಲಾನ್ಯಾಸ'ದಲ್ಲಿ ಕಲ್ಲು ಮಾತ್ರ ಉಂಟು. ನಮ್ಮ ಮಾತಿನಲ್ಲಿ ಕಲ್ಲಿನ ಜತೆ ಅದು ಕೂರುವ ಕೆಸರೂ ಉಂಟು, ಗಮನಿಸಿ.

ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿಯ ಸರಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು, ಕೆನರಾ, ಮಲಬಾರುಗಳ ಸರ್ವೆಗೆ ಕಳಿಸಿತು. ಮಲಬಾರಿನ ಅಂಗಾಡಿಪ್ಪುರದ ಹತ್ತಿರ ಅವನು ಈ ಕಲ್ಲನ್ನು ನೋಡಿದ. ನೆಲದಲ್ಲಿರುವಾಗ ಕಬ್ಬಿಣದ ಹತಾರಿಗೆ ಸುಲಭವಾಗಿ ಸಿಗುತ್ತದೆ, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ. ಅಲ್ಲಿನವರು ಇದನ್ನು ಇಟ್ಟಿಗೆಕಲ್ಲು ಅನ್ನುತ್ತಿದ್ದರು. 1807ರಲ್ಲಿ ಅಚ್ಚಾದ ಪುಸ್ತಕದಲ್ಲಿ ಅವನು ಕೊಟ್ಟ 'ಲ್ಯಾಟರೈಟ್' ಎಂಬ ಹೆಸರು ಇಟ್ಟಿಗೆಯ ಲ್ಯಾಟಿನ್ ಮಾತಿನಿಂದ ಬಂದದ್ದು. ಅಂದರೆ ಇಂದು ಲೋಕದ ಭೂವಿಜ್ಞಾನಿಗಳೆಲ್ಲ ಬಳಸುವ ಪದದ ಹಿಂದೆ ನಮ್ಮ ಕರಾವಳಿಯ ಕಲ್ಲು ಕಡಿಯುವವರ ಮಾತು ಉಂಟು. ಅವರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ ಬಿಡಿ.

ಆದರೆ ಕಲ್ಲು ಕಡಿಯುವವರಿಗೆ ಅದರ ಅಡಿಯಲ್ಲಿ ಏನಿದೆ ಎಂಬುದೂ ಗೊತ್ತಿತ್ತು. ಮೇಲೆ ಗಟ್ಟಿ ಹೊದಿಕೆ, ಕೆಳಗೆ ತೂತುತೂತಾದ ಮೆದು ಕಲ್ಲು, ಅದರ ಕೆಳಗೆ ಬಿಳಿ, ಗುಲಾಬಿ, ಹಳದಿ ಬಣ್ಣದ ಶೇಡಿ. ಹಿಂದಿನವರು ಗೋಡೆಗೆ ಬಳಿಯುತ್ತಿದ್ದುದು ಇದನ್ನೇ. ಒಣಗಿದ ಶೇಡಿಯನ್ನು ಗುದ್ದಲಿಯಿಂದ ನೇರ ಗೋಡೆಯಂತೆ ಕೆತ್ತಬಹುದು, ಬೀಳುವುದಿಲ್ಲ. ನೀರು ಕುಡಿಯಿತೋ, ಬಲವೆಲ್ಲ ಹೋಯಿತು. ನಮ್ಮ ಸುರಂಗಗಳು ನೆನಪಿದೆಯಲ್ಲ, ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದವು? ಮಳೆನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು ಅಡಿಯ ಜೇಡಿಯ ಮೇಲೆ ತಡೆದು ಬದಿಗೆ ಹರಿಯುತ್ತದೆ. ಅಡಿಕೆ ತೋಟವನ್ನು ಬದುಕಿಸುವ ನೀರೂ ಪಂಚಾಂಗವನ್ನು ಕುಸಿಸುವ ನೀರೂ ಒಂದೇ. ಸುರಂಗ ಕೊರೆಯುವವರಷ್ಟು ಚೆನ್ನಾಗಿ ಈ ಪದರಗಳನ್ನು ಓದಬಲ್ಲವರು ಇನ್ನಾರೂ ಇಲ್ಲ. ಅವರನ್ನು ನೀರಿನ ಚರಿತ್ರೆಗೆ ಮಾತ್ರ ಸೇರಿಸಿದ್ದೇವೆ, ಕಟ್ಟಡದ ಚರಿತ್ರೆಗೆ ಸೇರಿಸಿಲ್ಲ.

ಶಾಸ್ತ್ರದಲ್ಲೂ ಮಣ್ಣಿನ ಪರೀಕ್ಷೆ ಉಂಟು. ಬೃಹತ್ಸಂಹಿತೆ ಹೇಳುವಂತೆ ಒಂದು ಮೊಳದ ಗುಂಡಿ ತೋಡಿ ಅದೇ ಮಣ್ಣನ್ನು ತಿರುಗಿ ತುಂಬಬೇಕು. ಮಣ್ಣು ಮಿಕ್ಕಿದರೆ ಉತ್ತಮ, ಸರಿಹೋದರೆ ಮಧ್ಯಮ, ಕಡಿಮೆಬಿದ್ದರೆ ಕೆಟ್ಟ ನೆಲ. ಇದು ಅಂಧಶ್ರದ್ಧೆಯಲ್ಲ, ನೆಲ ಎಷ್ಟು ಒತ್ತಾಗಿದೆ ಎಂಬುದರ ಅಳತೆ. ಇನ್ನೊಂದು, ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ನಡೆದು ಬಂದು ನೋಡುವುದು. ನೀರು ಇಳಿಯದಿದ್ದರೆ ಒಳ್ಳೆಯದು. ಆದರೆ ಮುರಕಲ್ಲು ನೀರು ಕುಡಿಯುವ ಕಲ್ಲು. ನಮ್ಮ ಗಟ್ಟಿ ಪದವು ಕೂಡ ಈ ಪರೀಕ್ಷೆಯಲ್ಲಿ ಸೋಲಬಹುದು! ಹಾಗಾಗಿ ಇಲ್ಲಿನ ತಿಳುವಳಿಕೆಯನ್ನು ಗ್ರಂಥಕ್ಕಿಂತ ಜಾಗದ ಹೆಸರುಗಳಲ್ಲಿ ಹುಡುಕುವುದು ಒಳ್ಳೆಯದು ಅಂತ ನನಗೆ ಕಾಣುತ್ತದೆ.

ಬೈಲು, ಮಜಲು, ಬೆಟ್ಟು ಎಂಬುದು ದಕ್ಷಿಣ ಕನ್ನಡದ ಗದ್ದೆಗಳ ವಿಂಗಡಣೆ. ಬೈಲು ತಗ್ಗಿನ ನೀರಿನ ಗದ್ದೆ, ಬೆಟ್ಟು ಮಳೆಯನ್ನೇ ನಂಬಿದ ಎತ್ತರದ ಗದ್ದೆ, ಮಜಲು ನಡುವಿನದು. ಇದಕ್ಕೆ ಪದವು, ಪಾದೆ, ಅಡ್ಕಗಳನ್ನು ಸೇರಿಸಿ ಓದಿದರೆ ನೀರು ಎಲ್ಲಿ ನಿಲ್ಲುತ್ತದೆ, ಕಲ್ಲು ಎಲ್ಲಿ ಮೇಲಿದೆ ಎಂಬ ನಕಾಶೆಯೇ ಸಿಗುತ್ತದೆ. ಹಳೆಯ ಮನೆಗಳು ಸಾಮಾನ್ಯವಾಗಿ ಬೈಲಿನಿಂದ ಮೇಲೆ, ಗುಡ್ಡದ ಬುಡದ ತಟ್ಟಿನಲ್ಲಿ. ಇದು ಕನ್ನಡದವರೊಬ್ಬರದೇ ವಿದ್ಯೆಯೆಂದು ಹೇಳಿದರೆ ಸುಳ್ಳಾದೀತು. ಪಾದೆ, ಪದವು ತುಳು ಮಾತುಗಳು, ಕಲ್ಲಿನ ಕೆಲಸ ಮಾಡಿದವರಲ್ಲಿ ತುಳುವರೂ ಮಲಯಾಳದವರೂ ಇದ್ದಾರೆ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದನೆನ್ನುವ ಬೇಕಲ ಕೋಟೆ ನಿಂತದ್ದೂ ಸಮುದ್ರಕ್ಕೆ ಚಾಚಿದ ಮುರಕಲ್ಲಿನ ದಿಬ್ಬದ ಮೇಲೆ.

ಈಗ ನಡೆಯುತ್ತಿರುವುದೇನು? ಜೆಸಿಬಿ ಬಂದು ಗುಡ್ಡದ ಹೊದಿಕೆಯನ್ನೇ ಕಡಿದು ಸೈಟು ಮಾಡುತ್ತದೆ. ಕಡಿದ ಮಣ್ಣನ್ನು ತಗ್ಗಿನ ಬದಿಗೆ ತುಂಬುತ್ತಾರೆ. ಮನೆಯ ಅರ್ಧ ಕಡಿದ ನೆಲದ ಮೇಲೆ, ಅರ್ಧ ತುಂಬಿಸಿದ ಮಣ್ಣಿನ ಮೇಲೆ. ತುಂಬಿಸಿದ್ದು ತಗ್ಗುತ್ತದೆ, ಇನ್ನೊಂದು ತಗ್ಗುವುದಿಲ್ಲ. ಗೋಡೆ ಓರೆಯಾಗಿ ಬಿರಿಯುತ್ತದೆ. ತುಂಬಿಸಿದ ಮಣ್ಣಿಗೆ ಒಂದು ಮಳೆಗಾಲ ಕಳೆಯಲಿ ಎನ್ನುತ್ತಿದ್ದರು ಹಿರಿಯರು. ಸಾಲದ ಕಂತು ಸುರುವಾದವನಿಗೆ ಅಷ್ಟು ಪುರುಸೊತ್ತು ಎಲ್ಲಿದೆ? ಹಿಂಬದಿಯಲ್ಲಿ ನೇರ ಕಡಿದ ಶೇಡಿ, ಜೂನ್ ತಿಂಗಳ ತನಕ ಚಂದ ನಿಂತಿರುತ್ತದೆ. 2025ರ ಜುಲೈಯಲ್ಲಿ ಚೆರ್ವತ್ತೂರಿನ ವೀರಮಲೆ ಗುಡ್ಡ ಹೆದ್ದಾರಿಗೆ ಜರಿದದ್ದನ್ನು ನೀವೆಲ್ಲ ನೋಡಿದ್ದೀರಿ.

ಆದ್ದರಿಂದ ಗಡಿನಾಡಿನ ಸಂಶೋಧನೆಯಲ್ಲಿ ಒಂದು ಕೆಲಸ ತುರ್ತಾಗಿ ಆಗಬೇಕು. ಕಲ್ಲುಕೋರೆಯಲ್ಲಿ, ಸುರಂಗದಲ್ಲಿ ದುಡಿದ ಹಿರಿಯರು ಇನ್ನೂ ಇದ್ದಾರೆ. ಪ್ರತಿ ಪದರಕ್ಕೆ ಅವರು ಯಾವ ಭಾಷೆಯಲ್ಲಿ ಏನು ಹೆಸರು ಹೇಳುತ್ತಾರೆ, ಯಾವ ಜಾಗದಲ್ಲಿ ಎಷ್ಟು ಕೋಲು ಆಳಕ್ಕೆ ಶೇಡಿ ಸಿಕ್ಕಿತು ಎಂಬುದನ್ನು ಬರೆದಿಡಬೇಕು. ಕನ್ನಡ, ತುಳು, ಮಲಯಾಳ ಮೂರರಲ್ಲೂ ಬರೆದರೆ ಪಂಚಾಯತಿನ ಇಂಜಿನಿಯರಿಗೂ ಓದಲು ಬಂದೀತು.