ಅಂಕಿತದಲ್ಲಿ ಉಳಿದ ಊರು

ಬ್ಯಾಡಗಿಯ ನಮ್ಮ ಮನೆಯ ಅಟ್ಟದಿಂದ ಇಳಿಸಿದ ತಗಡಿನ ಪೆಟ್ಟಿಗೆಯೊಂದರಲ್ಲಿ, ಹಳೆಯ ಮಡಿಬಟ್ಟೆಯ ತುಂಡಿನಲ್ಲಿ ಸುತ್ತಿಟ್ಟ ಅಜ್ಜಿಯ ಹಾಡಿನ ವಹಿ ನನಗೆ ದೊರೆಯಿತು. ಮಸಿ ಕಂದಿ ಕಾವಿಬಣ್ಣಕ್ಕೆ ತಿರುಗಿದೆ. ಪುಟ ಮಗುಚುವ ಮೂಲೆಗಳಲ್ಲೆಲ್ಲ ಅರಿಸಿನ ಹತ್ತಿದ ಹೆಬ್ಬೆರಳಿನ ಗುರುತು ನಿಂತಿದೆ. ಹ್ರಸ್ವ ದೀರ್ಘಗಳ ಗೊಡವೆಯಿಲ್ಲದೆ, ಪದಪದದ ನಡುವೆ ತೆರಪಿಲ್ಲದೆ, ಹಾಡುವ ಉಸಿರು ಎಲ್ಲಿ ನಿಲ್ಲುವುದೋ ಅಲ್ಲಿ ಮಾತ್ರ ಒಂದು ಗೆರೆಯೆಳೆದು ಬರೆದ ಆ ಹಾಡುಗಳಲ್ಲಿ ಹಲವು ಹೆಳವನಕಟ್ಟೆ ರಂಗನ ಹೆಸರಿನಲ್ಲಿ ಮುಗಿಯುತ್ತವೆ. ಆ ಹೆಸರನ್ನು ಹಾಡಿನಲ್ಲಿಟ್ಟವಳು ಯಾರು, ಯಾವ ಊರಿನ ಮಗಳು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಹೆಳವನಕಟ್ಟೆ ಗಿರಿಯಮ್ಮ ಹದಿನೆಂಟನೆಯ ಶತಮಾನದ ಹರಿದಾಸಿ. ಆಕೆಯ ತವರು ರಾಣೇಬೆನ್ನೂರೆಂದೂ, ತಂದೆ ಭಿಷ್ಟಪ್ಪ ಜೋಯಿಸರು, ತಾಯಿ ತುಂಗಮ್ಮ ಎಂದೂ, ಎಳವೆಯಲ್ಲಿಯೇ ಹೆತ್ತವರನ್ನು ಕಳೆದುಕೊಂಡ ಹುಡುಗಿಯನ್ನು ತುಂಗಭದ್ರೆಯ ಆಚೆಯ ಮಲೆಬೆನ್ನೂರಿನ ತಿಪ್ಪರಸನಿಗೆ ಕೊಟ್ಟರೆಂದೂ, ಸಂಸಾರದಲ್ಲಿ ಚಿತ್ತ ನಿಲ್ಲದೆ ಆಕೆ ಪತಿಗೆ ಮತ್ತೊಂದು ವಿವಾಹವನ್ನು ಮಾಡಿಸಿ, ಕೊಮಾರನಹಳ್ಳಿಯ ಹೆಳವನಕಟ್ಟೆ ರಂಗನಾಥನ ಸನ್ನಿಧಿಯನ್ನೇ ನೆಚ್ಚಿ ನಿಂತಳೆಂದೂ ಸಂಪ್ರದಾಯವು ಹೇಳುತ್ತದೆ. ಒಂದು ಬೆನ್ನೂರಿನಲ್ಲಿ ಹುಟ್ಟಿ ಇನ್ನೊಂದು ಬೆನ್ನೂರನ್ನು ಸೇರಿದ ಈ ಹೆಣ್ಣುಮಗಳ ವೃತ್ತಾಂತವೆಲ್ಲವೂ ಕರ್ಣಪರಂಪರೆಯದು. ಆಕೆಯ ಕಾಲದ ಶಾಸನವಾಗಲಿ ಪತ್ರವಾಗಲಿ ಇದಕ್ಕೆ ಆಧಾರವಾಗಿ ನಿಂತಿಲ್ಲ.

ಆಧಾರವಿರಲು ಕಾರಣವಾದರೂ ಎಲ್ಲಿತ್ತು? ರಾಣೇಬೆನ್ನೂರಿನ ಸೀಮೆ ಅಂದು ಸವಣೂರು ನವಾಬರ ಕೈಯಲ್ಲಿತ್ತು. ದಕ್ಷಿಣಕ್ಕೆ ಬಿದನೂರಿನ ಅರಸರು, 1763ರಲ್ಲಿ ಬಿದನೂರು ಬಿದ್ದ ಮೇಲೆ ಹೈದರಾಲಿ. ದಂಡುಗಳು ಹಾದುಹೋಗುವ ಆ ನಾಡಿನಲ್ಲಿ ಶಾನುಭೋಗನು ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಹೊಲದ ಮೇರೆಯನ್ನು ಬರೆದನು, ಕಂದಾಯವನ್ನು ಬರೆದನು, ಒಡೆಯನ ಹೆಸರನ್ನು ಬರೆದನು. ಹೊಳೆ ದಾಟಿ ಗಂಡನ ಮನೆಗೆ ಹೋದ ತಬ್ಬಲಿ ಹುಡುಗಿಯ ಹೆಸರು ಆ ಕಡತದಲ್ಲಿ ಬರುವ ಪ್ರಸಂಗವೇ ಇರಲಿಲ್ಲ. ಅರಮನೆಯ ಆಶ್ರಯವಿದ್ದವಳ ಮಾತು ಬೇರೆ. ಚಿಕ್ಕದೇವರಾಜ ಒಡೆಯರ ಅಂತಃಪುರದಲ್ಲಿ ಸಂಚಿಯನ್ನು ಹಿಡಿದ ಹೊನ್ನಮ್ಮ ತನ್ನ ‘ಹದಿಬದೆಯ ಧರ್ಮ’ದಲ್ಲಿ ತನ್ನ ಒಡತಿಯನ್ನೂ ತನ್ನನ್ನೂ ಕುರಿತು ಹೇಳಿಕೊಳ್ಳುವ ಅವಕಾಶವನ್ನು ಪಡೆದಳು. ಗಿರಿಯಮ್ಮನಿಗೆ ರಂಗನಾಥನ ಹೊರತು ಬೇರೆ ಒಡೆಯನಿರಲಿಲ್ಲ.

ಕಾಲನಿರ್ಣಯಕ್ಕೆ ಹೊರಟವರಿಗೆ ಎರಡು ಕಥೆಗಳು ಎದುರಾಗುತ್ತವೆ. ಹೆಣ್ಣು ಹಾಡಿ ಕುಣಿಯಬಹುದೆ ಎಂದು ಆಕ್ಷೇಪಿಸಿದವರ ಮುಂದೆಯೇ ಮಂತ್ರಾಲಯದ ಪರಂಪರೆಯ ಸುಮತೀಂದ್ರತೀರ್ಥರು ಆಕೆಯ ಭಕ್ತಿಯನ್ನು ಎತ್ತಿಹಿಡಿದರೆಂಬುದು ಒಂದು; ವಿಜಯದಾಸರ ಶಿಷ್ಯರಾದ ಗೋಪಾಲದಾಸರ ಅನುಗ್ರಹವು ಆಕೆಗೆ ದೊರೆಯಿತೆಂಬುದು ಇನ್ನೊಂದು. ಸುಮತೀಂದ್ರರು ಪೀಠದಲ್ಲಿದ್ದುದು 1692ರಿಂದ 1725ರ ವರೆಗೆ. ಗೋಪಾಲದಾಸರು ಹುಟ್ಟಿದ್ದು 1721ರ ಸುಮಾರಿಗೆ. ಮೇಲುನೋಟಕ್ಕೆ ಇವೆರಡೂ ಕೂಡಲಾರವು ಎನಿಸುವುದು ಸಹಜ. ಆದರೆ ಯತಿಗಳ ಕೊನೆಯ ವರ್ಷಗಳಲ್ಲಿ ಅವರ ಮುಂದೆ ಹಾಡಿದಾಗ ಆಕೆ ಹದಿನೆಂಟರ ತರುಣಿಯಾಗಿದ್ದರೆ, ಗೋಪಾಲದಾಸರಿಗೆ ಇಪ್ಪತ್ತೈದು ತುಂಬುವಾಗ ಆಕೆ ನಲವತ್ತರ ಆಚೀಚೆಯವಳು. ತನಗಿಂತ ಕಿರಿಯನಾದವನಲ್ಲಿ ಗುರುವನ್ನು ಕಾಣುವುದು ದಾಸಪರಂಪರೆಗೆ ಒಪ್ಪದ ಸಂಗತಿಯೇನಲ್ಲ. ಎರಡು ಕಥೆಗಳಲ್ಲಿ ಒಂದನ್ನು ಸುಳ್ಳೆಂದು ಕಳೆಯುವ ಅವಸರ ನನಗಿಲ್ಲ. ತವರಿನ ವಿಷಯದಲ್ಲಿಯೂ ನನ್ನ ನಂಬಿಕೆ ರಾಣೇಬೆನ್ನೂರಿನ ಕಡೆಗೇ ವಾಲುತ್ತದೆ. ಆಕೆಯ ದೇವರಿರುವ ಸೀಮೆಗೆ ಆಕೆಯ ಹುಟ್ಟನ್ನೂ ತನ್ನದೆನ್ನುವ ಆಸೆ ಇರಬೇಕಾದದ್ದು ನ್ಯಾಯ. ಆದರೂ ಅಲ್ಲಿಯ ಜನರೇ ತವರನ್ನು ಹೊಳೆಯ ಈಚೆಗೆ ಬಿಟ್ಟುಕೊಟ್ಟಿರುವರೆಂದ ಮೇಲೆ ಆ ನೆನಪಿನಲ್ಲಿ ಸತ್ಯದ ತಿರುಳಿರಲೇಬೇಕು.

ಹೆಳವನಕಟ್ಟೆ ಎಂಬ ಹೆಸರನ್ನು ಕೇಳಿದಾಗಲೆಲ್ಲ ನನಗೆ ನಮ್ಮ ಸೀಮೆಯ ಹೆಳವರು ನೆನಪಾಗುತ್ತಾರೆ. ಸುಗ್ಗಿ ಮುಗಿದ ಮೇಲೆ ಗಂಟೆ ಕಟ್ಟಿದ ಎತ್ತನ್ನೇರಿ ಬಂದು, ಒಕ್ಕಲ ಮನೆಯ ಬಾಗಿಲಲ್ಲಿ ನಿಂತು, ಆ ಮನೆತನದ ಮೂಲಪುರುಷ ಎಲ್ಲಿಂದ ಬಂದ, ಅವನ ಮಕ್ಕಳು ಯಾರು, ಮೊಮ್ಮಕ್ಕಳು ಯಾರು ಎಂಬುದನ್ನೆಲ್ಲ ತಡೆಯಿಲ್ಲದೆ ಹೇಳಿ ಕಾಳುಕಡಿ ಪಡೆದು ಹೋಗುವ ಜನ ಅವರು. ಊರಿನ ಹೆಸರಿಗೂ ಅವರಿಗೂ ನಂಟನ್ನು ಕಟ್ಟುವ ಸಾಹಸಕ್ಕೆ ನಾನು ಕೈಹಾಕುವುದಿಲ್ಲ. ಹೆಳವ ಎಂದರೆ ಕುಂಟ ಎಂಬ ಅರ್ಥವೂ ಉಂಟು. ವಂಶವನ್ನು ನೆನಪಿಡುವವರ ಹೆಸರು ತನ್ನ ವಂಶವನ್ನು ಹೇಳದೆ ಹೋದವಳ ಅಂಕಿತದಲ್ಲಿ ಸೇರಿಕೊಂಡಿರುವುದು ಮಾತ್ರ ನನ್ನ ಮನಸ್ಸನ್ನು ಕಲಕುತ್ತದೆ.

ಆಕೆಯ ಕೃತಿಗಳು ಅನೇಕ: ‘ಚಂದ್ರಹಾಸನ ಕಥೆ’, ‘ಸೀತಾಕಲ್ಯಾಣ’, ‘ಉದ್ದಾಳಿಕನ ಕಥೆ’, ‘ಲವಕುಶರ ಹಾಡು’, ‘ಶಂಕರಗಂಡನ ಹಾಡು’, ಕೊರವಂಜಿಗಳು, ಬಿಡಿ ಕೀರ್ತನೆಗಳು. ಚಂದ್ರಹಾಸನ ಕಥೆಯನ್ನು ಲಕ್ಷ್ಮೀಶನು ಜೈಮಿನಿ ಭಾರತದಲ್ಲಿ ಅದಾಗಲೇ ಪಂಡಿತರು ತಲೆದೂಗುವಂತೆ ಹೇಳಿದ್ದನು. ಗಿರಿಯಮ್ಮ ಹಾಡಿದ್ದು ಪಂಡಿತರಿಗಲ್ಲ. ಬೀಸುವ, ಕುಟ್ಟುವ, ಹಸೆಗೆ ಕರೆಯುವ ಹೆಂಗಸರ ಕೊರಳಿಗೆ ಒದಗಲೆಂದು. ಆ ಕಥೆಯ ನಡುವೆ ದುಷ್ಟಬುದ್ಧಿಯ ಮಗಳು ವಿಷಯೆ, ಉಪವನದಲ್ಲಿ ನಿದ್ರಿಸುತ್ತಿರುವ ಚಂದ್ರಹಾಸನ ಬಳಿಯ ಓಲೆಯನ್ನು ಬಿಚ್ಚಿ ನೋಡುತ್ತಾಳೆ. ತಂದವನಿಗೆ ವಿಷವನ್ನು ಕೊಡು ಎಂದಿದೆ. ತಂದೆಯ ಬರಹದಲ್ಲಿ ಒಂದಕ್ಷರ ತಪ್ಪಿರಬೇಕೆಂದು ಎಣಿಸಿ, ಕಣ್ಣ ಕಾಡಿಗೆಯನ್ನು ಉಗುರ ತುದಿಗೆ ತೆಗೆದುಕೊಂಡು ಆ ಅಕ್ಷರವನ್ನು ಕೂಡಿಸುತ್ತಾಳೆ. ವಿಷವಿದ್ದದ್ದು ವಿಷಯೆಯಾಗಿ, ಮರಣಪತ್ರವು ಲಗ್ನಪತ್ರವಾಗುತ್ತದೆ. ಅಕ್ಷರವನ್ನು ಬಲ್ಲ ಹೆಣ್ಣೊಬ್ಬಳು ಒಂದಕ್ಷರದಿಂದ ಒಂದು ಪ್ರಾಣವನ್ನುಳಿಸಿದ ಈ ಪ್ರಸಂಗವನ್ನು, ಅಕ್ಷರವನ್ನು ಬಲ್ಲ ಇನ್ನೊಬ್ಬಳು ತನ್ನ ಹಾಡಿಗೆ ಆರಿಸಿಕೊಂಡದ್ದು ಆಕಸ್ಮಿಕವೆಂದು ನಾನು ನಂಬಲಾರೆ. ಉದ್ದಾಳಿಕನ ಕಥೆಯ ನಾಯಿಕೆಯೋ, ಪತಿ ಹೇಳಿದ್ದಕ್ಕೆಲ್ಲ ವಿರುದ್ಧವಾಗಿ ನಡೆಯುವ ಚಂಡಿ. ಅದನ್ನು ಹಾಡುವಾಗ ಮಧ್ಯಾಹ್ನದ ಪಡಸಾಲೆಯಲ್ಲಿ ಅಜ್ಜಿಯ ಓರಗೆಯವರು ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಕೊರವಂಜಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಬುಟ್ಟಿ ಹೊತ್ತು ಬೀದಿಬೀದಿ ತಿರುಗಿ ಕಣಿ ಹೇಳುವ ಕೊರವಿಯ ವೇಷದಲ್ಲಿ ದೇವರೇ ಬರುವ ಈ ಹಾಡುಗಬ್ಬಕ್ಕೆ ತಮಿಳಿನಲ್ಲಿ ‘ತಿರುಕ್ಕುಟ್ರಾಲ ಕುರವಂಜಿ’ಯಂಥ ಸೋದರಿಯರುಂಟು, ಅದೂ ಹದಿನೆಂಟನೆಯ ಶತಮಾನದ್ದೇ. ಗಿರಿಯಮ್ಮ ‘ಕೃಷ್ಣಕೊರವಂಜಿ’ಯನ್ನೂ ‘ಬ್ರಹ್ಮಕೊರವಂಜಿ’ಯನ್ನೂ ರಚಿಸಿದಳು. ನಮ್ಮ ಹಿರೇಕೆರೂರು ಸೀಮೆಯ ಸಾತೇನಹಳ್ಳಿಯಲ್ಲಿ ಹುಟ್ಟಿದ ಶಾಂತಕವಿಗಳು ಗದಗಿನಲ್ಲಿ ಕನ್ನಡ ನಾಟಕಮಂಡಳಿಯನ್ನು ಕಟ್ಟಿದ್ದು 1870ರ ದಶಕದಲ್ಲಿ. ಆ ರಂಗಸ್ಥಳದಲ್ಲಿ ಹೆಣ್ಣಿನ ಪಾತ್ರಕ್ಕೆ ಸೀರೆಯುಟ್ಟವರು ಗಂಡಸರು. ಅದಕ್ಕೂ ನೂರು ವರ್ಷಗಳ ಮೊದಲೇ, ಹೆಣ್ಣು ಬರೆದ ಸಂಭಾಷಣೆಯನ್ನು ಹೆಣ್ಣಿನ ಕೊರಳೇ ಕೊರವಿಯ ದನಿಯಲ್ಲಿಯೂ ರಾಣಿಯ ದನಿಯಲ್ಲಿಯೂ ಸರದಿಯಾಗಿ ನುಡಿಯುವ ಒಂದು ರಂಗ ನಮ್ಮ ಪಡಸಾಲೆಗಳಲ್ಲಿ ನಡೆದಿತ್ತೆಂದರೆ, ನಾಟಕದ ಚರಿತ್ರೆಯನ್ನು ಬರೆಯುವವರು ಈ ಪಡಸಾಲೆಗೂ ಒಂದು ಪುಟವನ್ನು ಕೊಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ.

ಹಾಡುಗಳು ಅಚ್ಚಿಗೆ ಬಂದದ್ದು ಬಹಳ ತಡವಾಗಿ; ಅಲ್ಲಿಯವರೆಗೆ ಅವುಗಳನ್ನು ಕಾಪಾಡಿದ್ದು ಇಂಥ ವಹಿಗಳು. ತವರಿಗೆ ಬಂದ ಮಗಳು ತಾಯಿಯ ವಹಿಯಿಂದ ನಕಲು ಮಾಡಿಕೊಂಡಳು, ಅತ್ತೆಯ ಮನೆಯಲ್ಲಿ ನಾದಿನಿ ಅವಳದನ್ನು ನೋಡಿ ಬರೆದುಕೊಂಡಳು. ಒಂದು ನುಡಿ ಬಿಟ್ಟುಹೋಯಿತು, ಒಂದು ನುಡಿ ಸೇರಿಕೊಂಡಿತು, ಅಂಕಿತ ಮಾತ್ರ ಅಲುಗಲಿಲ್ಲ. ರಾಣೇಬೆನ್ನೂರಿನ ಹೆಸರನ್ನು ಗಿರಿಯಮ್ಮ ಅಂಕಿತದಲ್ಲಿ ಇಡಲಿಲ್ಲ, ಮಲೆಬೆನ್ನೂರಿನದನ್ನೂ ಇಡಲಿಲ್ಲ. ತಾನೇ ಆರಿಸಿಕೊಂಡ ಊರನ್ನು ಇಟ್ಟಳು.

ಅಜ್ಜಿಯ ವಹಿಯನ್ನು ಮೊದಲಿನಿಂದ ಕಡೆಯ ವರೆಗೆ ಎರಡು ಸಲ ತಿರುವಿ ನೋಡಿದೆ. ರಟ್ಟಿನ ಒಳಬದಿಯಲ್ಲಿ ‘ಶ್ರೀ’ಕಾರವಿದೆ, ಕೊನೆಯ ಪುಟದಲ್ಲಿ ಅಗಸನ ಲೆಕ್ಕವಿದೆ, ನಡುವೆ ಹೆಳವನಕಟ್ಟೆ ರಂಗನಿದ್ದಾನೆ. ಅಜ್ಜಿ ತನ್ನ ಹೆಸರನ್ನು ಎಲ್ಲಿಯೂ ಬರೆದಿಲ್ಲ. ವಹಿಯನ್ನು ಅದೇ ಮಡಿಬಟ್ಟೆಯಲ್ಲಿ ಸುತ್ತುವ ಮುನ್ನ, ರಟ್ಟಿನ ಮೇಲೆ ಆಕೆಯ ಹೆಸರನ್ನೂ, ಹೆಸರಿನ ಕೆಳಗೆ ಆಕೆಯ ತವರೂರನ್ನೂ ಬರೆದಿಟ್ಟೆ.