ಹಾಸನದ ಡಿಶ್ಶು, ಘಟ್ಟದ ಕಾಡು ಮತ್ತು ಸ್ಯಾಟಲೈಟ್ ಫೋನು

ಅಕ್ಕನ ಮಗ ಅಮೆರಿಕದಿಂದ ರಜೆಗೆ ಬರುವವನಿದ್ದ. ಹೊರಡುವುದಕ್ಕೆ ಒಂದು ವಾರ ಮುಂಚೆ ಫೋನ್ ಮಾಡಿದ. "ಮಾಮ, ಸಕಲೇಶಪುರದ ಕಡೆ ಟ್ರೆಕ್ಕಿಂಗ್ ಹೋಗೋಣ ಅಂದಿದ್ರಲ್ಲ, ನನ್ನ ಹತ್ರ ಸ್ಯಾಟಲೈಟ್ ಮೆಸೆಂಜರ್ ಇದೆ. ಎಸ್‌ಓಎಸ್ ಬಟನ್ ಒತ್ತಿದ್ರೆ ಸಾಕು, ಕಾಡಲ್ಲಿದ್ರೂ ಹುಡುಕ್ಕೊಂಡು ಬರ್ತಾರೆ. ತರ್ತೀನಿ."

"ಬೇಡ ಮಾರಾಯ, ತರಬೇಡ. ಹುಡುಕ್ಕೊಂಡೇನೋ ಬರ್ತಾರೆ, ಆದ್ರೆ ಬರೋದು ಪೋಲೀಸ್ನೋರು" ಅಂದೆ. ಅವನು ನಕ್ಕ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡ ಅಂತ ಕಾಣುತ್ತೆ. ತಮಾಷೆ ಅಲ್ಲ.

ಬಂದ ಮೇಲೆ ಅವನನ್ನು ಮೊದಲು ದೊಡ್ಡಗದ್ದವಳ್ಳಿಗೆ ಕರೆದುಕೊಂಡು ಹೋದೆ. ಕೆರೆ ಪಕ್ಕದ ಆ ಲಕ್ಷ್ಮೀದೇವಿ ಗುಡಿ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಬಹುದು. ನಾಲ್ಕು ಗರ್ಭಗುಡಿ, ಕಾಳಿ ಗುಡಿಯ ಬಾಗಿಲಲ್ಲಿ ಎಲುಬು ಕಾಣುವ ಬೇತಾಳಗಳು. ವಿಷ್ಣುವರ್ಧನನ ಕಾಲದಲ್ಲಿ, 1113ರ ಸುಮಾರಿಗೆ, ಕುಲ್ಲಹಣ ರಾಹುತ ಅನ್ನುವ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ರಾಜ ಕಟ್ಟಿಸಿದ್ದಲ್ಲ, ವ್ಯಾಪಾರಿ ಕಟ್ಟಿಸಿದ್ದು. ಆ ಕಾಲದಲ್ಲಿ ಗಂಡ ವ್ಯಾಪಾರಕ್ಕೆ ಅಂತ ದೂರ ಹೊರಟರೆ ವಾಪಸ್ ಬರುವವರೆಗೂ ಮನೆಯವರಿಗೆ ಸುದ್ದಿಯೇ ಇಲ್ಲ. ಅಂಥವರು ಸುಖವಾಗಿ ಊರು ಸೇರಿಸು ಅಂತ ಹರಕೆ ಹೊರದೆ ಇನ್ನೇನು ಮಾಡಿಯಾರು?

ಅಲ್ಲಿಂದ ವಾಪಸ್ ಬರುತ್ತಾ ಹಾಸನದಲ್ಲಿ ಸಾಲಗಾಮೆ ರಸ್ತೆಗೆ ಕಾರು ತಿರುಗಿಸಿ, ದೂರದಿಂದಲೇ ಎಂ.ಸಿ.ಎಫ್.ನ ದೊಡ್ಡ ದೊಡ್ಡ ಬಿಳಿ ಡಿಶ್‌ಗಳನ್ನು ತೋರಿಸಿದೆ. ಬೇಡ ಅಂದಿದ್ದು ಯಾಕೆ ಅಂತ ಅವನಿಗೆ ಅಲ್ಲಿಂದಲೇ ಹೇಳಬೇಕಿತ್ತು. ಅವತ್ತು ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಸೇರಿಸಿ ಬರೆಯುತ್ತಿದ್ದೇನೆ.

ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಅಂದರೆ ನಾವೆಲ್ಲ ಎಂ.ಸಿ.ಎಫ್. ಅನ್ನುವುದು, ಹಾಸನದಲ್ಲಿ ಶುರುವಾದದ್ದು 1982ರಲ್ಲಿ. ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿ ನಿಂತಲ್ಲೇ ನಿಂತ ಹಾಗೆ ಕಾಣುವ ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳುವುದು ಇದರ ಕೆಲಸ. ಉಪಗ್ರಹವನ್ನು ಹಾರಿಸಿ ಬಿಟ್ಟರೆ ಮುಗಿಯಲಿಲ್ಲ. ಅದು ಸ್ವಲ್ಪ ಸ್ವಲ್ಪವೇ ಜಾಗ ಬಿಟ್ಟು ಸರಿಯುತ್ತಿರುತ್ತದೆ, ಆಗಾಗ ಪುಟ್ಟ ಎಂಜಿನ್ ಉರಿಸಿ ಸರಿಯಾದ ಜಾಗಕ್ಕೆ ತರುತ್ತಿರಬೇಕು. ಹಗಲು ರಾತ್ರಿ ಯಾರಾದರೂ ಕಾಯುತ್ತಲೇ ಇರಬೇಕು. 2005ರಲ್ಲಿ ಭೋಪಾಲದಲ್ಲೂ ಇಂಥದ್ದೇ ಇನ್ನೊಂದು ಕೇಂದ್ರ ಆಯಿತು.

ಆದರೆ ಹಾಸನದ ಮೊದಲ ವರ್ಷವೇ ಕಹಿ. 1982ರ ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎ ಮೊದಲಿನಿಂದಲೂ ಕಾಟ ಕೊಟ್ಟಿತು. ಒಂದು ಆಂಟೆನಾ ಬಿಚ್ಚಿಕೊಳ್ಳಲು ಹಟ ಮಾಡಿತು, ಸಮತೋಲನಕ್ಕೆ ಬೇಕಿದ್ದ ಸೌರ ಹಾಯಿ ಬಿಚ್ಚಿಕೊಳ್ಳಲೇ ಇಲ್ಲ. ಕಡೆಗೆ ದಿಕ್ಕು ತಪ್ಪಿ, ದಿಕ್ಕು ಸರಿಮಾಡುವ ಇಂಧನವೂ ಖಾಲಿಯಾಗಿ, ಸೆಪ್ಟೆಂಬರ್ ಮೊದಲ ವಾರದಲ್ಲಿ ಅದನ್ನು ಕೈಬಿಡಬೇಕಾಯಿತು. ಏಳು ವರ್ಷ ಬಾಳಬೇಕಾದ್ದು ಐದು ತಿಂಗಳೂ ತುಂಬಿಸಲಿಲ್ಲ.

ಅದೇ ಸೆಪ್ಟೆಂಬರಿನಲ್ಲಿ ಭೂಮಿಯ ಇನ್ನೊಂದು ಮೂಲೆಯಲ್ಲಿ ಬೇರೆಯದೇ ಘಟನೆ ನಡೆಯಿತು. ಅಲಾಸ್ಕಾದಲ್ಲಿ 1972ರಲ್ಲಿ ಅಮೆರಿಕದ ಇಬ್ಬರು ಸಂಸದರಿದ್ದ ಸಣ್ಣ ವಿಮಾನ ಕಣ್ಮರೆಯಾಗಿತ್ತು. ಎಷ್ಟು ಹುಡುಕಿದರೂ ಸಿಗಲಿಲ್ಲ. ವಿಮಾನಗಳಲ್ಲಿ ಅಪಾಯ ಸೂಚಿಸುವ ರೇಡಿಯೋ ಪೆಟ್ಟಿಗೆ ಇರಲೇಬೇಕು ಅಂತ ಆಮೇಲೆ ಒತ್ತಾಯ ಹೆಚ್ಚಿತು. ಆದರೆ ಕಾಡಿನ ಮಧ್ಯೆ ಪೆಟ್ಟಿಗೆ ಕೂಗಿದರೆ ಕೇಳುವವರು ಯಾರು? ಅದಕ್ಕೆ 1979ರಲ್ಲಿ ಅಮೆರಿಕ, ಕೆನಡಾ, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟ ಸೇರಿ ಕೋಸ್ಪಾಸ್-ಸಾರ್ಸ್ಯಾಟ್ ಅನ್ನುವ ವ್ಯವಸ್ಥೆಗೆ ಒಪ್ಪಂದ ಮಾಡಿಕೊಂಡವು. ಶೀತಲ ಸಮರದ ಕಾಲದಲ್ಲಿ ಅಮೆರಿಕ, ರಷ್ಯಾ ಎರಡೂ ಒಂದೇ ಕೆಲಸಕ್ಕೆ ಕೈ ಹಾಕಿದ್ದು ನೋಡಿ! 1982ರ ಜೂನ್ 30ಕ್ಕೆ ಸೋವಿಯತ್ ಉಪಗ್ರಹ ಹಾರಿತು. ಸೆಪ್ಟೆಂಬರ್ 10ರಂದು ಕೆನಡಾದ ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಲ್ಲಿ ಬಿದ್ದಿದ್ದ ಪುಟ್ಟ ವಿಮಾನದ ಕೂಗು ಅದಕ್ಕೆ ಕೇಳಿಸಿತು. ಮೂವರು ಬದುಕಿದರು. ಅವರೇ ಇನ್ನೊಂದು ಕಳೆದುಹೋದ ವಿಮಾನವನ್ನು ಹುಡುಕಲು ಹೊರಟವರಾಗಿದ್ದರು.

ಹಾಸನದಲ್ಲಿ ಉಪಗ್ರಹ ಕಳಕೊಂಡ ಕೆಲವೇ ದಿನದಲ್ಲಿ ಕೆನಡಾದಲ್ಲಿ ಉಪಗ್ರಹದಿಂದ ಮೂರು ಜೀವ ಉಳಿಯಿತು. ಒಂದಕ್ಕೊಂದು ಸಂಬಂಧ ಇಲ್ಲ. ಆದರೆ ಮುಂದೆ ಸಂಬಂಧ ಬೆಳೆಯಿತು.

1983ರ ಆಗಸ್ಟಿನಲ್ಲಿ ಚಾಲೆಂಜರ್ ಷಟಲ್ ಮೂಲಕ ಹೋದ ಇನ್ಸಾಟ್-1ಬಿ ಮಾನ ಉಳಿಸಿತು. ನಮಗೆಲ್ಲ ಅದು ದೂರದರ್ಶನದ ಉಪಗ್ರಹ ಅಂತಲೇ ನೆನಪು. ಆದರೆ ಚಂಡಮಾರುತದ ಎಚ್ಚರಿಕೆಯನ್ನು ಪೂರ್ವ ಕರಾವಳಿಯ ಹಳ್ಳಿಗಳಿಗೆ ನೇರವಾಗಿ ಕಳಿಸುವ ವ್ಯವಸ್ಥೆಯೂ ಇನ್ಸಾಟ್‌ನಿಂದಲೇ ಶುರುವಾದದ್ದು. ತಂತಿ ಕಂಬ ಬಿದ್ದರೂ ಸಂದೇಶ ನಿಲ್ಲದ ಹಾಗೆ ಯಾವ ಊರಿಗೆ ಬೇಕೋ ಆ ಊರಲ್ಲಿ ಮಾತ್ರ ಸೈರನ್ ಕೂಗುವ ಏರ್ಪಾಡು. 1990ರ ಮೇ ತಿಂಗಳ ಆಂಧ್ರ ಚಂಡಮಾರುತದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮುಂಚೆಯೇ ಸಾಗಿಸಲು ಇದೂ ನೆರವಾಯಿತು.

1992ರ ಇನ್ಸಾಟ್-2ಎ ನಾವೇ ಕಟ್ಟಿದ ಮೊದಲ ಇನ್ಸಾಟ್. ಅದರಲ್ಲಿ 406 ಮೆಗಾಹರ್ಟ್ಸ್‌ನ ಅಪಾಯದ ಕೂಗನ್ನು ಹಿಡಿಯುವ ಉಪಕರಣ ಇಟ್ಟಿದ್ದರು. ಇದು ಯಾಕೆ ಮುಖ್ಯ ಅಂದರೆ, ಕೋಸ್ಪಾಸ್‌ನ ಹಳೆಯ ಉಪಗ್ರಹಗಳು ಕೆಳಗಿನ ಕಕ್ಷೆಯಲ್ಲಿ ಸುತ್ತುತ್ತಿದ್ದವು. ನೀವು ಕೂಗಿದಾಗ ಅವು ನಿಮ್ಮ ತಲೆ ಮೇಲೆ ಇಲ್ಲದಿದ್ದರೆ ಬರುವವರೆಗೂ ಕಾಯಬೇಕು. ಇನ್ಸಾಟ್ ಹಾಗಲ್ಲ, ಅಲ್ಲೇ ಇರುತ್ತದೆ, ಕೂಡಲೇ ಕೇಳುತ್ತದೆ. ಆದರೆ ಅದಕ್ಕೂ ಒಂದು ಕೊರತೆ ಇದೆ. ಕೂಗಿದವರು ಎಲ್ಲಿದ್ದಾರೆ ಅಂತ ಅದು ತಾನಾಗಿ ಲೆಕ್ಕ ಹಾಕಲಾರದು, ಪೆಟ್ಟಿಗೆಯೇ ಜಿಪಿಎಸ್ ನೋಡಿ ಹೇಳಬೇಕು. ಸುತ್ತುವ ಉಪಗ್ರಹಕ್ಕೆ ಜಾಗ ಗೊತ್ತಾಗುತ್ತೆ, ತಡ ಆಗುತ್ತೆ. ನಿಂತ ಉಪಗ್ರಹಕ್ಕೆ ತಡ ಇಲ್ಲ, ಜಾಗ ಗೊತ್ತಾಗಲ್ಲ. ಎರಡೂ ಸೇರಿದರೇ ಕೆಲಸ. 2013ರ ಇನ್ಸಾಟ್-3ಡಿ, 2016ರ 3ಡಿಆರ್, 2024ರ ಫೆಬ್ರವರಿಯಲ್ಲಿ ಹಾರಿದ 3ಡಿಎಸ್, ಎಲ್ಲದರಲ್ಲೂ ಈ ಉಪಕರಣ ಇದೆ. ಕೂಗು ಬಂದರೆ ಅದನ್ನು ನೋಡಿ ರಕ್ಷಣೆಯವರಿಗೆ ತಿಳಿಸುವ ಭಾರತದ ಕೇಂದ್ರ ಇರುವುದು ಬೆಂಗಳೂರಿನಲ್ಲಿ.

ಅಂದರೆ ಅರಬ್ಬೀ ಸಮುದ್ರದಲ್ಲಿ ಒಂದು ಹಡಗು ಮುಳುಗುವಾಗ ಕೂಗಿದರೆ, ಆ ಕೂಗು ಹಾಸನದವರು ಕಾಯುವ ಉಪಗ್ರಹವನ್ನು ಮುಟ್ಟಿ ಬೆಂಗಳೂರಿಗೆ ಇಳಿಯಬಹುದು. ಇದನ್ನು ಕೇಳಿ ನನ್ನ ಅಳಿಯ ನಿಜಕ್ಕೂ ಬೆರಗಾದ.

"ಹಾಗಾದ್ರೆ ಸ್ಯಾಟಲೈಟ್ ಫೋನ್ ಯಾಕೆ ಬೇಡ ಅಂತೀರಿ?" ಅಂದ.

ಎರಡು ಕಾರಣ ಹೇಳಿದೆ. ಮೊದಲನೆಯದು ಕಾನೂನು. 1885ರ ಟೆಲಿಗ್ರಾಫ್ ಕಾಯಿದೆ, 1933ರ ವೈರ್‌ಲೆಸ್ ಕಾಯಿದೆಗಳ ಕಾಲದಿಂದಲೂ ನಮ್ಮಲ್ಲಿ ಅನುಮತಿ ಇಲ್ಲದೆ ಇಂಥ ಯಂತ್ರ ಇಟ್ಟುಕೊಳ್ಳುವ ಹಾಗಿಲ್ಲ. 2008ರ ನವೆಂಬರ್ 26ರ ಮುಂಬೈ ದಾಳಿಕೋರರು ತುರಾಯಾ ಫೋನ್ ಬಳಸಿದ್ದು ಗೊತ್ತಾದ ಮೇಲೆ ಬಿಗಿ ಇನ್ನೂ ಹೆಚ್ಚಾಯಿತು. 2012ರಲ್ಲಿ ನಮ್ಮ ಸಮುದ್ರಕ್ಕೆ ಬರುವ ಹಡಗುಗಳಿಗೂ ತುರಾಯಾ, ಇರಿಡಿಯಂ ಬಳಸಬೇಡಿ ಅಂತ ಆದೇಶ ಆಯಿತು. 2017ರ ಮೇ ತಿಂಗಳಲ್ಲಿ ಬಿಎಸ್ಸೆನ್ನೆಲ್ ಇನ್‌ಮಾರ್‌ಸ್ಯಾಟ್ ಉಪಗ್ರಹದ ಫೋನ್ ಸೇವೆ ಶುರು ಮಾಡಿತು, ಅದೂ ಮೊದಲಿಗೆ ಸರ್ಕಾರಿ ಇಲಾಖೆಗಳಿಗೆ. ಮಿಕ್ಕವರು ದೂರಸಂಪರ್ಕ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಬ್ಯಾಗಿನಲ್ಲಿ ತಂದರೆ ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಏನೂ ಅರಿಯದ ವಿದೇಶಿ ಪ್ರವಾಸಿಗಳು ಹೀಗೆ ಸಿಕ್ಕಿಬಿದ್ದ ಸುದ್ದಿ ಎಷ್ಟೋ ಸಲ ಬಂದಿದೆ. ನಮ್ಮ ಮಲೆನಾಡು, ಕರಾವಳಿ ಕಾಡುಗಳಲ್ಲೂ ಸ್ಯಾಟಲೈಟ್ ಫೋನ್ ಸದ್ದು ಮಾಡಿದೆ ಅಂತ ಪೋಲೀಸರು ಹುಡುಕಾಡಿದ್ದನ್ನು ಪೇಪರಿನಲ್ಲಿ ನೀವೂ ಓದಿರುತ್ತೀರಿ.

ಎರಡನೆಯದು ನಂಬಿಕೆ. ಆ ಯಂತ್ರ ನಿಜಕ್ಕೂ ನಂಬುವಂಥದ್ದೇ?

ಇರಿಡಿಯಂ ಕಥೆ ನೋಡಿ. 780 ಕಿ.ಮೀ. ಎತ್ತರದಲ್ಲಿ 66 ಉಪಗ್ರಹ ಸುತ್ತಿಸಿ ಭೂಮಿಯಲ್ಲಿ ಎಲ್ಲಿ ನಿಂತರೂ ಫೋನ್ ಅಂತ 1998ರ ನವೆಂಬರ್ 1ಕ್ಕೆ ಸೇವೆ ಶುರು ಮಾಡಿದರು. 1999ರ ಆಗಸ್ಟಿಗೆ ದಿವಾಳಿ! ಉಪಗ್ರಹ ಕೆಟ್ಟು ಅಲ್ಲ, ಕೊಳ್ಳುವವರಿಲ್ಲದೆ. ಆಮೇಲೆ ಬೇರೆಯವರು ಕೊಂಡು ನಡೆಸಿದರು. 2009ರ ಫೆಬ್ರವರಿ 10ರಂದು ಅದರ ಒಂದು ಉಪಗ್ರಹಕ್ಕೆ ರಷ್ಯಾದ ಸತ್ತ ಉಪಗ್ರಹ ಬಂದು ಢಿಕ್ಕಿ ಹೊಡೆಯಿತು. 2024ರ ಏಪ್ರಿಲಿನಲ್ಲಿ ತುರಾಯಾ-3 ಕೆಟ್ಟು ಏಷ್ಯಾ-ಪೆಸಿಫಿಕ್ಕಿನ ಎಷ್ಟೋ ಗ್ರಾಹಕರ ಫೋನು ಇದ್ದಕ್ಕಿದ್ದಂತೆ ಇಟ್ಟಿಗೆ ಆಯಿತು.

ನಮ್ಮದೇ ಕಥೆ ಇನ್ನೂ ನೋವಿನದು. ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರದಿಂದಲೂ ಮಾತಾಡಲಿ ಅಂತ ಇಸ್ರೋ 6 ಮೀಟರ್ ಅಗಲದ, ಮಡಚಿ ಬಿಚ್ಚುವ ಆಂಟೆನಾದ ಉಪಗ್ರಹ ಮಾಡಿತು. 2015ರ ಜಿಸ್ಯಾಟ್-6 ಚೆನ್ನಾಗಿ ಹೋಯಿತು. ಅದರ ತಮ್ಮ ಜಿಸ್ಯಾಟ್-6ಎ 2018ರ ಮಾರ್ಚ್ 29ಕ್ಕೆ ಹಾರಿತು. ಹಾಸನದಿಂದ ಎರಡು ಸಲ ಕಕ್ಷೆ ಏರಿಸಿದರು. ಏಪ್ರಿಲ್ 1ಕ್ಕೆ ಮೂರನೆಯ ಸಲ ಏರಿಸಬೇಕು, ಅಷ್ಟರಲ್ಲಿ ಸಂಪರ್ಕ ಕಡಿಯಿತು. ಮತ್ತೆ ಸಿಗಲಿಲ್ಲ. ಕಷ್ಟದಲ್ಲಿರುವವರ ಮಾತು ದಾಟಿಸಬೇಕಾದ್ದೇ ಮಾತು ನಿಲ್ಲಿಸಿತು. ಆ ರಾತ್ರಿ ಸಾಲಗಾಮೆ ರಸ್ತೆಯ ಆ ಕಟ್ಟಡದಲ್ಲಿ ಕೂತಿದ್ದವರನ್ನು ನೆನೆಸಿಕೊಂಡರೆ ಹೊಟ್ಟೆ ಕಿವುಚುತ್ತೆ.

ಉಪಗ್ರಹ ಗಟ್ಟಿಯಾಗಿದ್ದರೂ ಕಾಡು ಬಿಡಬೇಕಲ್ಲ. ಸ್ಯಾಟಲೈಟ್ ಫೋನಿಗೆ ಬರೀ ಮಳೆಯಿಂದ ಅಷ್ಟು ತೊಂದರೆ ಇಲ್ಲ. ಮಳೆಗೆ ನಿಲ್ಲುವುದು ನಮ್ಮ ಮನೆ ಮೇಲಿನ ಡಿಟಿಹೆಚ್, ಅದರ ತರಂಗ ಬೇರೆ. ಫೋನಿಗೆ ಶತ್ರು ಎಲೆ, ಅದರಲ್ಲೂ ಒದ್ದೆ ಎಲೆ. ಆಕಾಶ ಕಾಣಬೇಕು. ನಿಂತ ಉಪಗ್ರಹಗಳ ವಿಷಯದಲ್ಲಿ ನಾವು ಪುಣ್ಯವಂತರು. ಸಮಭಾಜಕದ ಹತ್ತಿರ ಇರುವುದರಿಂದ ಹಾಸನದಲ್ಲಿ ನಿಂತರೆ ಇನ್ಸಾಟ್-1ಎ ಇದ್ದ ಜಾಗ ಸುಮಾರು 74 ಡಿಗ್ರಿ ಮೇಲೆ, ಹೆಚ್ಚುಕಡಿಮೆ ನೆತ್ತಿ ಮೇಲೆ. ಅಲಾಸ್ಕಾದವರಿಗೆ ನಿಂತ ಉಪಗ್ರಹಗಳು ದಿಗಂತದ ಹತ್ತಿರವೇ ಇರುತ್ತವೆ. ಆದರೆ ಘಟ್ಟದ ಹಳ್ಳದಲ್ಲಿ ಮೇಲೆ ನೋಡಿದರೆ ಕಾಣುವುದು ಎಲೆಯೇ.

ಇದನ್ನು ಪುಸ್ತಕ ನೋಡಿ ಹೇಳುತ್ತಿಲ್ಲ. ಸುಮಾರು ವರ್ಷದ ಹಿಂದೆ ಬಿಸಿಲೆ ಕಡೆ ಆರು ಜನ ಹೋಗಿದ್ದೆವು. ಹಳ್ಳ ದಾಟುವಾಗ ಗೆಳೆಯನೊಬ್ಬ ಜಾರಿ ಬಿದ್ದು ಕಾಲಿನ ಗಿಣ್ಣು ಮುರಿದ. ಆರು ಮೊಬೈಲು, ಒಂದರಲ್ಲೂ ಸಿಗ್ನಲ್ ಇಲ್ಲ. ಇಬ್ಬರು ಜಿಗಣೆ ಕೊಡವಿಕೊಳ್ಳುತ್ತಾ ನಾಲ್ಕು ಗಂಟೆ ನಡೆದು ರಸ್ತೆಗೆ ಬಂದೆವು. ಜೀಪಿನವನು ಕೇಳಿದ ಮೊದಲ ಪ್ರಶ್ನೆ, "ಹೋಗ್ತೀವಿ ಅಂತ ಯಾರಿಗ್ ಹೇಳಿದ್ರಿ ಸಾರ್?" ಯಾರಿಗೂ ಹೇಳಿರಲಿಲ್ಲ. ಅವನು ಇನ್ನೇನೂ ಅನ್ನಲಿಲ್ಲ, ಗಾಡಿ ತಿರುಗಿಸಿದ. ಆ ಪ್ರಶ್ನೆ ಇವತ್ತಿಗೂ ಚುಚ್ಚುತ್ತೆ.

ಇನ್ನು ಕೂಗುವುದಕ್ಕೂ ಅವಕಾಶ ಸಿಗದವರ ಕಥೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮೀನುಗಾರರನ್ನು ಹೊತ್ತು ಹೊರಟ ಸುವರ್ಣ ತ್ರಿಭುಜ ದೋಣಿ ನಿಮಗೆ ನೆನಪಿರಬೇಕು. 15ರ ರಾತ್ರಿಯ ನಂತರ ಸುದ್ದಿ ಇಲ್ಲ. ಮನೆಯವರು ನಾಲ್ಕೂವರೆ ತಿಂಗಳು ದಾರಿ ಕಾದರು. 2019ರ ಮೇ ಮೊದಲಿಗೆ ಮಹಾರಾಷ್ಟ್ರದ ಮಾಲ್ವಣದ ಆಚೆ ನೌಕಾಪಡೆಯ ಹಡಗಿಗೆ ಸಮುದ್ರದ ತಳದಲ್ಲಿ ಅದರ ಅವಶೇಷ ಸಿಕ್ಕಿತು. ಅದಕ್ಕೂ ಒಂದು ವರ್ಷ ಮುಂಚೆ, 2017ರ ಓಖಿ ಚಂಡಮಾರುತದಲ್ಲಿ ಕೇರಳ, ತಮಿಳುನಾಡಿನ ಎಷ್ಟೋ ದೋಣಿಗಳು ಆಳ ಸಮುದ್ರದಲ್ಲಿದ್ದವು. ವಾಪಸ್ ಬನ್ನಿ ಅಂತ ಹೇಳಲೂ ದಾರಿ ಇರಲಿಲ್ಲ. ಆಮೇಲೆ ಉಪಗ್ರಹದ ಮೂಲಕ ಎರಡೂ ಕಡೆ ಸಂದೇಶ ಹೋಗುವ ಇಸ್ರೋ ಯಂತ್ರಗಳು ಬಂದವು. ಒಂದು ಲಕ್ಷ ದೋಣಿಗಳಿಗೆ ಅವನ್ನು ಹಾಕುವ 364 ಕೋಟಿ ರೂಪಾಯಿಯ ಯೋಜನೆ 2024ರ ಆಗಸ್ಟಿನಲ್ಲಿ ಶುರುವಾಯಿತು. ಗುಂಡಿ ಒತ್ತಿದವನಿಗೆ 'ನಿನ್ನ ಕೂಗು ಕೇಳಿಸಿತು' ಅಂತ ಮರುಮಾತು ಬರುವುದೇ ಇದರಲ್ಲಿ ದೊಡ್ಡದು ಅಂತ ನನಗನ್ನಿಸುತ್ತೆ. ಕೂಗಿದವನಿಗೆ ಅರ್ಧ ಜೀವ ಅಲ್ಲೇ ಬರುತ್ತೆ.

ದೋಣಿಯವರಿಗೆ ಕೊಟ್ಟದ್ದನ್ನು ಕಾಡಿಗೆ ಹೋಗುವವರಿಗೂ, ಘಟ್ಟದ ಗಾರ್ಡುಗಳಿಗೂ, ಬಾಡಿಗೆಗಾದರೂ ಕೊಡುವ ವ್ಯವಸ್ಥೆ ಆಗಬೇಕು ಅನ್ನುವುದು ನನ್ನ ಆಸೆ. ಭದ್ರತೆಯ ಭಯ ಸುಳ್ಳಲ್ಲ, ಮುಂಬೈಯನ್ನು ಮರೆಯುವ ಹಾಗಿಲ್ಲ. ಆದರೆ ಹೆಸರು ನೋಂದಾಯಿಸಿ ಕೊಟ್ಟ ಯಂತ್ರಕ್ಕೆ ಹೆದರಬೇಕಾಗಿಲ್ಲ. ಉಪಗ್ರಹ ಕಾಯುವ ಊರಿನಿಂದ ಜೀಪಿನಲ್ಲಿ ಎರಡು ಗಂಟೆ ದೂರದ ಕಾಡಿನಲ್ಲಿ ಕೂಗಿದರೆ ಯಾರಿಗೂ ಕೇಳದು ಅನ್ನುವುದು ಬೇಜಾರಿನ ಸಂಗತಿ.

ಅಳಿಯನ ಜೊತೆ ಘಟ್ಟಕ್ಕೂ ಹೋಗಿಬಂದೆವು, ಯಂತ್ರ ಇಲ್ಲದೆ. ಉಳಿದುಕೊಂಡಿದ್ದ ಮನೆಯ ಯಜಮಾನರಿಗೆ ಯಾವ ದಾರಿ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸ್ ಅಂತ ಚೀಟಿ ಬರೆದುಕೊಟ್ಟೆ. "ಆರು ಗಂಟೆಗೆ ಬರ್ಲಿಲ್ಲ ಅಂದ್ರೆ ಹುಡುಗ್ರನ್ನ ಕಳಿಸ್ತೀನಿ, ಹೋಗ್ಬನ್ನಿ" ಅಂದರು.

ಐದೂಮುಕ್ಕಾಲಿಗೆ ಬಂದು ಸೇರಿದೆವು. ಯಜಮಾನರು ಟಾರ್ಚು ಹಿಡಿದು ಗೇಟಿನ ಹತ್ತಿರ ಆಗಲೇ ನಿಂತಿದ್ದರು.